ಮಾರಿದವನು ಸಭ್ಯ, ಕೊಂಡವನು ಕಳ್ಳ

ಗುಜರಿ ಗೋದಾಮಿಗೆ ಬೆಂಕಿ ಬಿದ್ದರೆ ಮರುದಿನದ ಪತ್ರಿಕೆಯಲ್ಲಿ ಎರಡು ಪದಗಳು ತಪ್ಪದೆ ಇರುತ್ತವೆ: 'ಅಕ್ರಮ' ಮತ್ತು 'ಅನಧಿಕೃತ'. ಅಲ್ಲಿ ಉರಿದುಹೋದ ಕಂಪ್ಯೂಟರು, ಬ್ಯಾಟರಿ, ವೈರುಗಳು ಎಲ್ಲಿಂದ ಬಂದವು, ಯಾರು ಮಾರಿದರು ಎಂದು ಕೇಳುವ ವರದಿಯನ್ನು ನಾನಂತೂ ಓದಿಲ್ಲ. ಮಾರಿದವರು ಓದಿದ ಮಂದಿ, ಕಚೇರಿಗಳವರು, ಕಂಪನಿಗಳವರು. ಕಿಲೋಗೆ ಇನ್ನೆರಡು ರೂಪಾಯಿ ಹೆಚ್ಚು ಹಾಕಯ್ಯ ಎಂದು ಚೌಕಾಸಿ ಮಾಡಿದವರು. ಸಾಮಾನು ತಕ್ಕಡಿ ಏರಿದ್ದೇ ತಡ, ಕಾನೂನಿನ ಹೊಣೆಯೆಲ್ಲ ತಕ್ಕಡಿ ಹಿಡಿದವನ ಹೆಗಲೇರುತ್ತದೆ.

ಇದರ ಅತ್ಯಂತ ಕ್ರೂರ ಉದಾಹರಣೆ ದೆಹಲಿಯ ಮಾಯಾಪುರಿಯದು. 2010ರ ಏಪ್ರಿಲ್‌ನಲ್ಲಿ ಅಲ್ಲಿನ ಗುಜರಿ ಮಾರುಕಟ್ಟೆಯ ಜನ ಚರ್ಮ ಕಪ್ಪಾಗಿ, ಕೂದಲು ಉದುರಿ ಆಸ್ಪತ್ರೆ ಸೇರಿದರು. ಒಬ್ಬ ಕಾರ್ಮಿಕ ಸತ್ತೇ ಹೋದ. ಅವರು ಒಡೆದ ಯಂತ್ರದೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹವಿತ್ತು. ಆ ಯಂತ್ರ ಯಾವ ಕಳ್ಳನದೂ ಆಗಿರಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಅದನ್ನು 2010ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯವೇ ಹರಾಜು ಹಾಕಿತ್ತು. ವಿಕಿರಣ ತ್ಯಾಜ್ಯದ ಸುರಕ್ಷಿತ ವಿಲೇವಾರಿಯ ನಿಯಮಗಳು 1987ರಿಂದಲೇ ಇದ್ದವು. ಅವನ್ನು ಓದಿ ತಿಳಿದಿರಬೇಕಾದವರು ರಸಾಯನಶಾಸ್ತ್ರದ ಪ್ರಾಧ್ಯಾಪಕರೋ, ಸುತ್ತಿಗೆ ಹಿಡಿದ ಹುಡುಗನೋ?

ನಮ್ಮ ಬೆಂಗಳೂರಿನ ಶಿವಾಜಿನಗರ, ಜಾಲಿ ಮೊಹಲ್ಲಾ, ಗೋರಿಪಾಳ್ಯ, ನಾಯಂಡಹಳ್ಳಿಗಳಲ್ಲಿ ಕೂತವರೂ ಇದೇ ಸುತ್ತಿಗೆಯವರೇ. ಗುಜರ್ ಎಂದರೆ ಹಾದುಹೋಗುವುದು. ಹಾದಿಬದಿಯ ಸಂಜೆಸಂತೆಗೆ ಉರ್ದುವಿನಲ್ಲಿ ಗುಜ್ರಿ ಎನ್ನುತ್ತಾರೆ. ಕನ್ನಡಕ್ಕೆ ಬರುವಷ್ಟರಲ್ಲಿ ಆ ಪದಕ್ಕೆ ತುಕ್ಕು ಹಿಡಿಯಿತು. ಆದರೆ ಆ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಅಯಸ್ಕಾಂತ ತಾಗಿಸಿ ಕಬ್ಬಿಣವನ್ನು ಒಂದು ಕಡೆಗೆ ಎಸೆಯುತ್ತಾರೆ. ಮೋಟಾರಿನ ಹೊಟ್ಟೆ ಬಿಚ್ಚಿ ತಾಮ್ರದ ಸುರುಳಿ ಎಳೆಯುತ್ತಾರೆ. ನಲ್ಲಿಯ ತುಂಡನ್ನು ಅರದಿಂದ ಒಮ್ಮೆ ಉಜ್ಜಿ ಹಿತ್ತಾಳೆಯೋ ಬರೀ ಲೇಪವೋ ಎಂದು ಹೇಳುತ್ತಾರೆ. ಈ ವಿದ್ಯೆಯನ್ನು ಯಾವ ಪಾಲಿಟೆಕ್ನಿಕ್ಕೂ ಅವರಿಗೆ ಕಲಿಸಲಿಲ್ಲ. ಬಂದ ಲೋಹದಲ್ಲಿ ಒಂದು ಗುಲಗಂಜಿಯಷ್ಟನ್ನೂ ಅವರು ಮಣ್ಣಿಗೆ ಬಿಡುವುದಿಲ್ಲ. ಪರಿಸರ ದಿನದಂದು ಭಾಷಣ ಮಾಡುವವರ ಬಗ್ಗೆ ಈ ಮಾತು ಹೇಳಲಾರೆ.

ಇದರಲ್ಲಿ ವಿಷವಿಲ್ಲವೆಂದು ವಾದಿಸಲು ನಾನು ಬಂದಿಲ್ಲ. ತಾಮ್ರಕ್ಕಾಗಿ ವೈರಿನ ಪ್ಲಾಸ್ಟಿಕ್ಕು ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ. ಬ್ಯಾಟರಿ ಒಡೆದು ಸೀಸ ಕರಗಿಸಿದರೆ ಅದು ಮಕ್ಕಳ ರಕ್ತಕ್ಕಿಳಿದು ಬುದ್ಧಿಯನ್ನೇ ಕುಂದಿಸುತ್ತದೆ. ಆ ಹೊಗೆಗೆ ಮೊದಲು ಸಿಕ್ಕುವ ಎದೆ ಸುಡುವವನದೇ, ಪಕ್ಕದ ಗಲ್ಲಿಯ ಅವನ ಕೂಸಿನದೇ. ಸುಡುವುದು ನಿಲ್ಲಲೇಬೇಕು. ನನ್ನ ತಕರಾರು, ಅದನ್ನು ನಿಲ್ಲಿಸಲೆಂದು ಬಂದ ನಿಯಮಗಳ ಅರ್ಧವನ್ನಷ್ಟೇ ಓದುವವರ ಮೇಲೆ.

ವಿದ್ಯುನ್ಮಾನ ತ್ಯಾಜ್ಯಕ್ಕೆಂದು ಮೊದಲ ನಿಯಮಗಳು ಪ್ರಕಟವಾದದ್ದು 2011ರಲ್ಲಿ. 2016ರಲ್ಲಿ ಅವು ಬದಲಾದವು. 2022ರಲ್ಲಿ ಮತ್ತೆ ಹೊಸದಾಗಿ ಬಂದು 2023ರ ಏಪ್ರಿಲ್ 1ರಿಂದ ಜಾರಿಯಾದವು. ಈ ಹೊಸ ನಿಯಮಗಳಲ್ಲಿ ನೋಂದಣಿ ನಾಲ್ಕು ಬಗೆಯವರಿಗೆ: ತಯಾರಕ, ಉತ್ಪಾದಕ, ದುರಸ್ತಿ ಮಾಡಿ ಮರುಬಳಕೆಗೆ ಕೊಡುವವ, ಮರುಸಂಸ್ಕರಣೆ ಮಾಡುವವ. ಹತ್ತಡಿ ಅಂಗಡಿಯ ಗುಜರಿಯವನು ಈ ನಾಲ್ವರಲ್ಲಿ ಯಾರೂ ಅಲ್ಲ. ಕಂಪನಿಯಾದರೋ ಮರುಸಂಸ್ಕರಣೆಯ ಪ್ರಮಾಣಪತ್ರ ಕೊಂಡು ತನ್ನ ಹೊಣೆ ತೀರಿಸಿಕೊಳ್ಳಬಹುದು. ದೊಡ್ಡ ಕಚೇರಿಗಳು ತಮ್ಮ ತ್ಯಾಜ್ಯವನ್ನು ನೋಂದಾಯಿತರಿಗೇ ಒಪ್ಪಿಸಬೇಕೆಂದೂ ನಿಯಮವಿದೆ. ಆದರೆ ಕದ್ದುಮುಚ್ಚಿ ಮಾರಿದ ಕಚೇರಿಯ ಮ್ಯಾನೇಜರನ್ನು ಜೀಪು ಹತ್ತಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಕೊಂಡವನ ಮೇಲೆ ಮಾತ್ರ ಕಳವಿನ ಮಾಲು ಇಟ್ಟುಕೊಂಡ ಆರೋಪ ಸದಾ ಸಿದ್ಧ. ಹಿಂದೆ ಅದು ದಂಡಸಂಹಿತೆಯ 411ನೇ ಕಲಮು, 2024ರ ಜುಲೈಯಿಂದ ನ್ಯಾಯಸಂಹಿತೆಯ 317. ಸಂಖ್ಯೆ ಬದಲಾಯಿತು, ಮಾಮೂಲು ಬದಲಾಗಲಿಲ್ಲ.

ಇನ್ನು ಆ ನಿಯಮಗಳ ಓದದ ಅರ್ಧ. ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸಕ್ಕೆ ಜಾಗ ಇಲ್ಲವೆ ಶೆಡ್ಡು ಮೀಸಲಿಡಬೇಕು, ಬಿಚ್ಚುವ, ಒಡೆಯುವ ಕಾರ್ಮಿಕರನ್ನು ಗುರುತಿಸಿ ನೋಂದಾಯಿಸಬೇಕು, ಅವರು ಗುಂಪು ಕಟ್ಟಿಕೊಳ್ಳಲು ನೆರವಾಗಬೇಕು, ತರಬೇತಿ ಕೊಡಬೇಕು, ಆರೋಗ್ಯ ನೋಡಿಕೊಳ್ಳಬೇಕು. ಇದು ರಾಜ್ಯ ಸರಕಾರದ ಕರ್ತವ್ಯವೆಂದು 2016ರಲ್ಲೂ ಬರೆದಿತ್ತು, 2022ರಲ್ಲೂ ಬರೆದಿದೆ. ಮೇಲೆ ಹೇಳಿದ ಗಲ್ಲಿಗಳಲ್ಲಿ ಆ ನೋಂದಣಿ ಪುಸ್ತಕ ಹಿಡಿದು ಬಂದ ಅಧಿಕಾರಿಯನ್ನು ಕಂಡವರು ನನಗೆ ಸಿಕ್ಕಿಲ್ಲ. ತೆರಿಗೆಯವರು ಮಾತ್ರ ಚುರುಕು. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವನಿಂದ ಲೋಹದ ಗುಜರಿ ಕೊಂಡರೆ, ಕೊಂಡ ನೋಂದಾಯಿತ ವ್ಯಾಪಾರಿಯೇ ಜಿಎಸ್‌ಟಿ ಕಟ್ಟಬೇಕು. ಲೋಹ ಸರಕಾರಕ್ಕೆ ಕಾಣುತ್ತದೆ, ಅದನ್ನು ಆಯ್ದ ಕೈ ಕಾಣುವುದಿಲ್ಲ.

ಮನಸ್ಸಿದ್ದರೆ ಕಾಣುತ್ತದೆ. 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಅದೂ ಸುಮ್ಮನೆ ಬಂದದ್ದಲ್ಲ, ಆಯುವವರು ಮತ್ತು ಅವರ ಜೊತೆಗಾರರು ಕೇಳಿ ಪಡೆದದ್ದು.

ಹಾಗೆ ಕೇಳುವ ವಿಷಯದಲ್ಲಿ ನಮ್ಮ ಜಮಾತುಗಳ ಹಿರಿಯರೂ ಸಾಚಾಗಳಲ್ಲ. ಮಸೀದಿಗೆ ಮಿನಾರು ಕಟ್ಟುವಾಗ ಗುಜರಿ ಸೇಠನ ಚಂದಾ ಬೇಕು. ರಿಶ್ತೆಯ ಮಾತು ಬಂದಾಗ 'ಕಬಾಡಿಯವರ ಮನೆ' ಎಂದು ಮೂಗು ಮುರಿಯಬೇಕು. ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ಹದೀದ್, ಅಂದರೆ ಕಬ್ಬಿಣ. ಪ್ರವಾದಿ ದಾವೂದರು ಕಬ್ಬಿಣದ ಕವಚ ಮಾಡುತ್ತಿದ್ದರೆಂದು ಜುಮಾ ಬಯಾನಿನಲ್ಲಿ ಕೇಳಿ ತಲೆದೂಗುತ್ತೇವೆ. ಹಿಂದಿನ ಸಫ್‌ನಲ್ಲಿ ಕೆಮ್ಮುತ್ತ ಕೂತವನು ವೈರು ಸುಡುವ ಹುಡುಗನೆಂದು ತಿರುಗಿ ನೋಡುವುದಿಲ್ಲ. ಕಮಿಟಿಯಲ್ಲಿ ವಕೀಲರಿದ್ದಾರೆ, ಎಂಜಿನಿಯರರಿದ್ದಾರೆ. ಹತ್ತು ಅಂಗಡಿಗಳನ್ನು ಕೂಡಿಸಿ ಒಂದು ಸಹಕಾರ ಸಂಘ ನೋಂದಾಯಿಸಲಿ. ವೈರನ್ನು ಸುಡದೆ ಸುಲಿಯುವ ಕೈಯಂತ್ರಕ್ಕೆ ಮಿನಾರಿನ ಸೀರಿಯಲ್ ಲೈಟುಗಳಿಗಿಂತ ಹೆಚ್ಚು ಖರ್ಚಾಗದು. ಶೆಡ್ಡು ಕೇಳುವ ಅರ್ಜಿಯನ್ನು ನಿಯಮದ ಆ ಓದದ ಸಾಲುಗಳ ಸಮೇತ ಬರೆದು ಕೈಗಾರಿಕಾ ಇಲಾಖೆಗೂ ಕಾರ್ಮಿಕ ಇಲಾಖೆಗೂ ಕೊಟ್ಟು, ಎರಡೂ ಕಡೆ ಸ್ವೀಕೃತಿ ಪಡೆದು ಬರಲಿ.