ಪುಟ್ಟ ಮೈಯ ಕಾವಲುಗಾರ

ನಾಯಿಯನ್ನು ಗೊಂಬೆಯೆಂದು ಬಗೆದು ಮನೆಗೆ ತರುವವರು ಕಡಿಮೆಯೇನಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಹೆಚ್ಚು ನೊಂದ ಪ್ರಾಣಿಗಳಲ್ಲಿ ಪೊಮೆರೇನಿಯನ್ ಒಂದು.

ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದಲ್ಲಿ, ಇಂದಿನ ಪೋಲೆಂಡ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿರುವ ಪ್ರದೇಶಕ್ಕೆ ಪೊಮೆರೇನಿಯ ಎಂದು ಹೆಸರು. ಈ ನಾಯಿಗೆ ಹೆಸರು ಬಂದುದು ಅಲ್ಲಿಂದಲೇ. ಇದರ ಪೂರ್ವಿಕರು ಚಳಿನಾಡಿನ ಸ್ಪಿಟ್ಸ್ ಕುಲಕ್ಕೆ ಸೇರಿದ ದೊಡ್ಡ ನಾಯಿಗಳು. ಚೂಪಾದ ಮೂತಿ, ನಿಮಿರಿದ ಕಿವಿ, ಬೆನ್ನಿನ ಮೇಲೆ ಸುರುಳಿಗೊಂಡ ಬಾಲ ಆ ಕುಲದ ಲಕ್ಷಣಗಳು. 1888ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮಾರ್ಕೊ ಎಂಬ ಪುಟ್ಟ ನಾಯಿಯನ್ನು ಮೆಚ್ಚಿ ಕೊಂಡುತಂದಳು. ರಾಣಿ ಮೆಚ್ಚಿದುದನ್ನು ರಾಜ್ಯವೂ ಮೆಚ್ಚಿತು. ಚಿಕ್ಕದರಲ್ಲಿ ಚಿಕ್ಕದನ್ನೇ ಆರಿಸಿ ಮರಿ ಮಾಡಿಸುತ್ತ ಹೋದುದರಿಂದ ಇಂದು ಶುದ್ಧ ತಳಿಯ ತೂಕ ಮೂರು ಕಿಲೋಗ್ರಾಮಿನ ಆಸುಪಾಸಿಗೆ ಇಳಿದಿದೆ.

ಕರ್ನಾಟಕದ ಊರುಗಳಲ್ಲಿ ಇದೇ ಹೆಸರಿನಿಂದ ಕರೆಯಿಸಿಕೊಳ್ಳುವ ಬಿಳಿಯ ನಾಯಿಗಳಲ್ಲಿ ಅನೇಕವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಸ್‌ಗಳು. ಭಾರತದ ನೆಲದಲ್ಲಿಯೇ ರೂಪುಗೊಂಡ, ತುಸು ದೊಡ್ಡ ಮೈಯ, ಸೆಕೆಯನ್ನು ಹೆಚ್ಚು ತಾಳಬಲ್ಲ ದಾಯಾದಿಗಳು. ಹೆಸರು ತಪ್ಪಾದರೂ ನಾಯಿಗೇನೂ ಕೊರತೆಯಿಲ್ಲ.

ಮೈ ಕುಗ್ಗಿತೇ ಹೊರತು ಸ್ವಭಾವ ಕುಗ್ಗಲಿಲ್ಲ. ಗೇಟು ಕಿರುಗುಟ್ಟಿದರೆ, ಹಾಲಿನವನು ಬಂದರೆ, ಎದುರು ಮನೆಯ ಬೆಕ್ಕು ಗೋಡೆ ಹತ್ತಿದರೆ ಅದು ಬೊಗಳಿಯೇ ತೀರುತ್ತದೆ. ತನಗಿಂತ ಹತ್ತು ಪಾಲು ದೊಡ್ಡ ನಾಯಿಯ ಮೇಲೂ ಎರಗಿ ಹೋಗುವುದುಂಟು! ಕಾವಲು ಅದರ ರಕ್ತದಲ್ಲಿದೆ. ಹೀಗಿರುವಾಗ ಬೊಗಳಿದ್ದಕ್ಕಾಗಿ ಅದನ್ನು ಹೊಡೆಯುವುದು, ದಿನವೆಲ್ಲ ಮೂಲೆಯಲ್ಲಿ ಕಟ್ಟಿಹಾಕುವುದು ಅನ್ಯಾಯ. ಕಟ್ಟಿದ ನಾಯಿ ಮತ್ತಷ್ಟು ಬೊಗಳುತ್ತದೆ. ಮರಿಯಾಗಿದ್ದಾಗಲೇ ಅಪರಿಚಿತರ ಒಡನಾಟವನ್ನು ರೂಢಿಸಿ, ಸುಮ್ಮನಾದಾಗ ಮೆಚ್ಚಿ ಒಂದು ತುಣುಕು ತಿನಿಸು ಕೊಟ್ಟರೆ ಅದು ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲ ತಿರುಗಾಡಿಸಿದರಂತೂ ಮನೆಯವರಿಗೂ ನೆಮ್ಮದಿ.

ಇನ್ನೊಂದು ಅನ್ಯಾಯವು ಪ್ರೀತಿಯ ಹೆಸರಿನಲ್ಲಿಯೇ ನಡೆಯುತ್ತದೆ. ಬೇಸಗೆ ಬಂತೆಂದು ನಾಯಿಯ ಕೂದಲನ್ನು ಬುಡಮಟ್ಟ ಬೋಳಿಸುವವರಿದ್ದಾರೆ. ಇದಕ್ಕೆ ಎರಡು ಪದರದ ಕೂದಲು: ಒಳಗಿನದು ಹತ್ತಿಯಂತೆ ಮೆತ್ತಗೆ, ಹೊರಗಿನದು ನೀಳ ಮತ್ತು ಒರಟು. ಹೊರಗಿನ ಪದರವು ಬಿಸಿಲು ಚರ್ಮಕ್ಕೆ ನೇರವಾಗಿ ತಾಗದಂತೆ ತಡೆಯುತ್ತದೆ. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ನಾಲಗೆ ಚಾಚಿ ತೇಕುವುದರಿಂದ ಮೈಯ ಕಾವನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ಬೋಳಿಸಿದರೆ ತಂಪಾದೀತೆಂಬ ಎಣಿಕೆ ಸರಿಯಲ್ಲ. ಬೋಳಿಸಿದ ಕೂದಲು ಮೊದಲಿನಂತೆ ಬೆಳೆಯದಿರುವುದೂ ಉಂಟು. ಅದಕ್ಕೆ ಬೇಕಾದುದು ನೆರಳು, ಕುಡಿಯಲು ನೀರು, ವಾರಕ್ಕೆ ಎರಡು ಮೂರು ಸಲ ಬುಡದವರೆಗೆ ಬಾಚುವ ತಾಳ್ಮೆ. ಬಾಚುವಾಗಲೇ ಉಣ್ಣೆ, ಚಿಗಟ, ಗಾಯಗಳು ಕಣ್ಣಿಗೆ ಬೀಳುತ್ತವೆ.

ಇದರ ಶ್ವಾಸನಾಳ ಸೂಕ್ಷ್ಮವಾದುದು. ಕೊರಳಿಗೆ ಹಗ್ಗ ಬಿಗಿದು ಎಳೆಯದೆ ಎದೆಪಟ್ಟಿ ತೊಡಿಸುವುದು ಲೇಸು. ಈರುಳ್ಳಿ ಬೆಂದ ಸಾರು, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು.

ಈ ನಾಯಿ ಹನ್ನೆರಡು ವರ್ಷಗಳಿಗೂ ಮೀರಿ ಬದುಕುವುದು ಸಾಮಾನ್ಯ. ಒಂಬತ್ತನೆಯ ತರಗತಿಯ ಹುಡುಗನ ಹುಟ್ಟುಹಬ್ಬಕ್ಕೆಂದು ತಂದ ಮರಿಯು, ಅವನು ಓದು ಮುಗಿಸಿ ಉದ್ಯೋಗಕ್ಕಾಗಿ ಪರವೂರು ಸೇರಿದ ಮೇಲೆಯೂ ಮನೆಯಲ್ಲಿಯೇ ಇರುತ್ತದೆ. ಆಗ ಅದನ್ನು ಬಾಚುವವರು, ತಿರುಗಾಡಿಸುವವರು ಯಾರು ಎಂಬುದನ್ನು ಮರಿಯನ್ನು ತರುವ ಮೊದಲೇ ಮನೆಮಂದಿ ಕುಳಿತು ಮಾತನಾಡಿಕೊಳ್ಳಬೇಕು.