ಅದೃಷ್ಟಕ್ಕೊಂದು ಉತ್ತರ ಇರಲಿ

ಚೌಕಾಬಾರದಲ್ಲಿ ಕವಡೆ ಹೇಗೆ ಬೀಳುತ್ತದೆ ಎಂಬುದು ಅದೃಷ್ಟ. ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂಬುದು ಜಾಣ್ಮೆ. ಗುಂಡು ಹಾರಿಸುವ ವಿಡಿಯೋ ಗೇಮ್‌ಗಳ ಪಂದ್ಯದಲ್ಲಿ ಅದೃಷ್ಟ ಇರಬೇಕೇ ಬೇಡವೇ ಎಂಬ ಹಳೆಯ ಜಗಳಕ್ಕೂ ಇದೇ ಅಳತೆಗೋಲು ಸಾಕು: ಆ ಅದೃಷ್ಟಕ್ಕೆ ಆಟಗಾರನ ಬಳಿ ಉತ್ತರವಿದೆಯೇ?

ಕೌಂಟರ್-ಸ್ಟ್ರೈಕ್‌ನಲ್ಲಿ ಎಕೆ-47 ಒಂದೇ ಸಮನೆ ಹಾರಿಸಿದರೆ ಬಂದೂಕು ಎಗರುವ ಜಾಡು ಪ್ರತಿ ಸಲವೂ ಒಂದೇ, ಕಲಿಯಬಹುದು. ಗುಂಡು ಕೊಂಚ ಅತ್ತಿತ್ತ ಚದುರುವುದು ಮಾತ್ರ ಅದೃಷ್ಟ. ಓಡದೆ ನಿಂತು, ಎರಡು ಮೂರೇ ಗುಂಡು ಹಾರಿಸಿದರೆ ಅದೂ ಕುಗ್ಗುತ್ತದೆ.

ಟೀಮ್ ಫೋರ್ಟ್ರೆಸ್ 2ರಲ್ಲಿ ಹಾಗಲ್ಲ. ಅಲ್ಲಿ ಕೆಲವು ಹೊಡೆತಗಳಿಗೆ ಆಟವೇ ಚೀಟಿ ಎತ್ತಿದಂತೆ ಮೂರು ಪಟ್ಟು ಬಲ ಕೊಡುತ್ತದೆ. ಗೆಳೆಯರ ನಡುವೆ ಅದು ತಮಾಷೆ. ಹೊಸಬನಿಗೂ ಒಂದು ಗೆಲುವು ಸಿಗುತ್ತದೆ. ಸ್ಪರ್ಧೆಯ ಪಂದ್ಯಗಳಲ್ಲಿ ಅದನ್ನು ತೆಗೆದದ್ದು ಸರಿಯೇ.

ಆಯುಧಗಳ ಸಮತೋಲನಕ್ಕೂ ಇದೇ ಮಾತು. ಎಲ್ಲವೂ ಸಮಬಲವಾಗಬೇಕಿಲ್ಲ. ಕೌಂಟರ್-ಸ್ಟ್ರೈಕ್‌ನ ಎಡಬ್ಲ್ಯುಪಿ ರೈಫಲ್ಲಿನ ಒಂದು ಗುಂಡು ಎದೆಗೆ ಬಿದ್ದರೆ ಸಾವು. ಆದರೆ ಅದಕ್ಕೆ ಆಟದೊಳಗಿನ ಬೆಲೆ 4,750 ಡಾಲರ್, ಗುರಿ ತಪ್ಪಿದರೆ ಮುಂದಿನ ಗುಂಡಿಗೆ ಕಾಯಬೇಕು. ಎದುರಾಳಿಗೆ ಅಷ್ಟು ಸಂದು ಸಾಕು. 2018ರ ಡಿಸೆಂಬರ್‌ನಲ್ಲಿ 10 ಲಕ್ಷ ಡಾಲರ್ ಬಹುಮಾನದ ಪಂದ್ಯಾವಳಿಯ ಹೊತ್ತಿನಲ್ಲೇ ಫೋರ್ಟ್‌ನೈಟ್ ಇಳಿಸಿದ ಇನ್ಫಿನಿಟಿ ಬ್ಲೇಡ್ ಎಂಬ ಕತ್ತಿ ಅಂಥ ಸಂದನ್ನೇ ಬಿಡಲಿಲ್ಲ. ಆಟಗಾರರು ಸಿಡಿದೆದ್ದರು, ಕೆಲವೇ ದಿನಗಳಲ್ಲಿ ಕತ್ತಿಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ವರ್ಷಗಟ್ಟಲೆ ಕೈ ಪಳಗಿಸಿದವರೂ ಸೋಲಲಿ, ತಪ್ಪಿಲ್ಲ. ಆದರೆ ಎಲ್ಲಿ ಎಡವಿದೆವು ಎಂಬುದು ಅವರಿಗೆ ತಿಳಿಯಬೇಕು. ಅದು ತಿಳಿಯದಿದ್ದರೆ ನಾಳೆಯ ಅಭ್ಯಾಸಕ್ಕೆ ಅರ್ಥವಿಲ್ಲ.