ಮೊಬೈಲ್ ತೋರಿಸುವ 48 ಡಿಗ್ರಿ ಊರಿನ ಬಿಸಿಲೇ?

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಸ್ಕ್ರೀನ್‌ಶಾಟ್‌ಗಳ ಸುಗ್ಗಿ. ಸುರೇಬಾನದಲ್ಲಿ ಯಾರೋ ಥರ್ಮಾಮೀಟರ್ ಆ್ಯಪ್ ತೆರೆದರು, 48 ಡಿಗ್ರಿ ಬಂತು ಎನ್ನೋಣ. ಆ ಚಿತ್ರ ರಾಮದುರ್ಗ ದಾಟಿ ಸವದತ್ತಿ ಮುಟ್ಟುವಷ್ಟರಲ್ಲಿ ‘ದಾಖಲೆ ಬಿಸಿಲು’ ಆಗಿರುತ್ತದೆ. ಆ 48 ಹೆಚ್ಚಾಗಿ ಊರಿನ ಬಿಸಿಲಲ್ಲ, ಫೋನಿನ ಹೊಟ್ಟೆಯೊಳಗಿನ ಕಾವು.

ಹೊರಗಿನ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಬಹುತೇಕ ಫೋನ್‌ಗಳಲ್ಲಿ ಇಲ್ಲ. 2013ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ನಂಥ ಕೆಲವೇ ಮಾದರಿಗಳಲ್ಲಿತ್ತು. ಎಲ್ಲ ಫೋನ್‌ಗಳಲ್ಲೂ ಇರುವ ಸೆನ್ಸರ್‌ಗಳು ಬ್ಯಾಟರಿಯ ಬಳಿ ಮತ್ತು ಚಿಪ್‌ನ ಒಳಗಿವೆ. ಫೋನ್ ಅತಿಯಾಗಿ ಕಾಯದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಚಾರ್ಜಿಗೆ ಹಾಕಿ ವಿಡಿಯೋ ನೋಡಿದರೆ ಮಳೆಗಾಲದಲ್ಲೂ ಆ ಅಂಕಿ ಏರುತ್ತದೆ. ಇನ್ನು ಹವಾಮಾನದ ಆ್ಯಪ್ ತೋರಿಸುವ ಅಂಕಿ ಬರುವುದು ಇಂಟರ್ನೆಟ್‌ನಿಂದ.

ಶಾಲೆಯ ವಿಜ್ಞಾನ ಮೇಳಕ್ಕೆ ಆರ್ಡುಯಿನೊ ಹಿಡಿದ ಮಕ್ಕಳಿಗೂ ಇದೇ ಪೇಚು. ಆರ್ಡುಯಿನೊ ಉನೊದಲ್ಲಿರುವ ಎಟಿಮೆಗಾ328ಪಿ ಚಿಪ್‌ನ ಒಳಗೊಂದು ತಾಪಮಾಪಕವಿದೆ. ಅದರಲ್ಲಿ ಒಂದು ಡಿಗ್ರಿಗೆ ಬದಲಾಗುವುದು ಸುಮಾರು 1 ಮಿಲಿವೋಲ್ಟ್ ಮಾತ್ರ. ಅದನ್ನು ಚಿಪ್ ತನ್ನದೇ 1.1 ವೋಲ್ಟ್‌ಗೆ ಹೋಲಿಸಿ ಅಳೆಯುತ್ತದೆ. ಆದರೆ ಆ 1.1 ಎನ್ನುವುದು ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೂ ಇರಬಹುದು. ತಕ್ಕಡಿಯ ಕಲ್ಲೇ ಹೆಚ್ಚುಕಡಿಮೆ ಇದ್ದ ಹಾಗೆ! 10 ಡಿಗ್ರಿ ಆಚೀಚೆ ಆಗಬಹುದೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ.

ಸರಿಪಡಿಸಲು ಬೋರ್ಡನ್ನು ಆಫ್ ಮಾಡಿ, ಒಳ್ಳೆಯ ಥರ್ಮಾಮೀಟರ್ ಜೊತೆ ನೆರಳಿನಲ್ಲಿ ಒಂದು ಗಂಟೆ ಇಡಿ. ಆನ್ ಮಾಡಿದ ಕೂಡಲೇ, ಚಿಪ್ ಬಿಸಿಯಾಗುವ ಮೊದಲೇ ಓದಿ. ಮೊದಲ ಒಂದೆರಡು ಅಂಕಿ ಬಿಟ್ಟುಬಿಡಿ. ಉಳಿಯುವ ವ್ಯತ್ಯಾಸವನ್ನು ಪ್ರೋಗ್ರಾಮ್‌ನಲ್ಲಿ ಕಳೆಯಿರಿ ಅಥವಾ ಕೂಡಿಸಿ. ಆಗಲೂ ಅದು ಅಳೆಯುವುದು ಚಿಪ್‌ನ ಬಿಸಿಯನ್ನೇ. ಗಾಳಿಯ ಬಿಸಿ ಬೇಕಿದ್ದರೆ ಡಿಎಸ್18ಬಿ20ಯಂಥ ಬೇರೆ ಸೆನ್ಸರನ್ನು ವೈರಿನ ತುದಿಗೆ ಕಟ್ಟಿ, ಬೋರ್ಡಿನಿಂದ ದೂರ, ನೆರಳಿನಲ್ಲಿ ಇಡುವುದೇ ವಾಸಿ.

ಹವಾಮಾನ ಇಲಾಖೆ ಅಳೆಯುವುದೂ ನೆರಳಿನಲ್ಲೇ: ಗಾಳಿಯಾಡುವ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಮೇಲೆ. ಬಯಲುಸೀಮೆಯಲ್ಲಿ ಬಿಸಿಗಾಳಿ ಎಂದು ಪರಿಗಣಿಸಲು ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಸುಳ್ಳು 48 ನೋಡಿ ನೋಡಿ ಅಭ್ಯಾಸವಾದವರಿಗೆ ‘ಬರೀ 40 ಅಷ್ಟೇನಾ’ ಅನಿಸುತ್ತದೆ. ನಮಗೆ ಆತಂಕವಿರುವುದು ಇಲ್ಲೇ. ಹೊಲದಲ್ಲಿ ದುಡಿಯುವವರಿಗೆ ಆ 40ರಲ್ಲೇ ಅಪಾಯವಿದೆ.

‘ಬೆರಳಿಟ್ಟರೆ ಜ್ವರ ಹೇಳುವ’ ಆ್ಯಪ್‌ಗಳನ್ನೂ ನಂಬಬೇಡಿ. ಮಗುವಿನ ಮೈ ಕಾದಿದ್ದರೆ ಮೆಡಿಕಲ್ ಶಾಪಿನ ಥರ್ಮಾಮೀಟರ್ ತನ್ನಿ.